ಗಾಯ ನಾಣ್ಯದಷ್ಟು, ಕೊಯ್ತ ಮೊಣಕೈವರೆಗೆ

ಪ್ರಶ್ನೆ: ನಮ್ಮದು ಕಾಸರಗೋಡಿನ ಬದಿಯಡ್ಕ ಕಡೆಯ ಊರು. ಹನ್ನೊಂದು ದಿನಗಳ ಹಿಂದೆ ನನ್ನ ಯಜಮಾನರು (41 ವರ್ಷ) ಫೈಬರ್ ದೋಟಿಯಲ್ಲಿ ಅಡಿಕೆ ಕೊಯ್ಯುತ್ತಿದ್ದಾಗ ದೋಟಿ ವಾಲಿ ತೋಟದ ಅಂಚಿನಲ್ಲಿ ಹಾದುಹೋಗುವ 11 ಕೆವಿ ಲೈನಿಗೆ ತಾಗಿತು. ಎತ್ತಿ ಎಸೆದಂತೆ ಬಿದ್ದರು. ಬಲ ಅಂಗೈಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಕಪ್ಪು ಗಾಯ, ಎಡ ಹಿಮ್ಮಡಿಯಲ್ಲಿ ಅದಕ್ಕಿಂತ ಚಿಕ್ಕದೊಂದು ತೂತು. ಇದ್ದದ್ದು ಇಷ್ಟೇ. ದಾರಿಯುದ್ದಕ್ಕೂ ಮಾತನಾಡುತ್ತಿದ್ದರು. ಮಂಗಳೂರಿಗೆ ಕರೆದುಕೊಂಡು ಬಂದ ರಾತ್ರಿಯೇ ಮೊಣಕೈಯಿಂದ ಅಂಗೈವರೆಗೆ ಕೈಯನ್ನು ಸೀಳಿದರು. ಮೂತ್ರ ಕಪ್ಪಗೆ ಹೋಗುತ್ತಿತ್ತು, ಎರಡು ದಿನಗಳಲ್ಲಿ ತಿಳಿಯಾಯಿತು. ಬಳಿಕ ಎರಡು ಬಾರಿ ಆಪರೇಷನ್ ಮಾಡಿ ಒಳಗಿನ ಮಾಂಸ ತೆಗೆದರು. ಎರಡನೆಯ ಸಲ ಕಿರುಬೆರಳು, ಉಂಗುರಬೆರಳು ಹೋದವು. ಈಗ ತೊಡೆಸಂದಿಯ ಚರ್ಮದಿಂದ ಮಣಿಕಟ್ಟನ್ನು ಮುಚ್ಚಬೇಕು, ಅದು ಆಗದಿದ್ದರೆ ಮೊಣಕೈ ಕೆಳಗೆ ಕೈ ತೆಗೆಯಬೇಕಾದೀತು ಎನ್ನುತ್ತಿದ್ದಾರೆ. ಬಿದ್ದ ಕೂಡಲೇ ಮಣ್ಣಿನಲ್ಲಿ ಹೂತಿದ್ದರೆ ಕರೆಂಟು ಇಳಿದುಹೋಗುತ್ತಿತ್ತು, ಈಗಲಾದರೂ ಬಿಡಿಸಿಕೊಂಡು ಬಂದು ನಾಟಿ ವೈದ್ಯರ ಎಣ್ಣೆ ಹಾಕಿಸೋಣ ಎಂದು ಮಾವ ಹೇಳುತ್ತಾರೆ. ಇಷ್ಟು ಸಣ್ಣ ಗಾಯಕ್ಕೆ ಇಷ್ಟು ಕೊಯ್ಯುವುದು ಬಿಲ್ಲಿಗಾಗಿಯೇ? ಕೈ ಉಳಿಯುತ್ತದೆಯೇ? ಮೂತ್ರಪಿಂಡ, ಕಣ್ಣುಗಳಿಗೆ ಮುಂದೆ ತೊಂದರೆ ಬರುತ್ತದೆಯೇ? ಅವರು ಇನ್ನು ದೋಟಿ ಹಿಡಿಯಬಲ್ಲರೇ?

ಉತ್ತರ: ತಡವಾದರೆ ಕೆಡುವ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಈ ವಾರ ಅವರನ್ನು ಬಿಡುಗಡೆ ಮಾಡಿಸಿ ಮನೆಗೆ ಕರೆದೊಯ್ಯಬೇಡಿ. ಕಾರಣ ಕೆಳಗೆ ಬರುತ್ತದೆ. ಅದು ಬಿಲ್ಲಿಗೂ ಆಸ್ಪತ್ರೆಯ ಮರ್ಯಾದೆಗೂ ಸಂಬಂಧಪಟ್ಟದ್ದಲ್ಲ, ಮಣಿಕಟ್ಟಿನ ರಕ್ತನಾಳಕ್ಕೆ ಸಂಬಂಧಪಟ್ಟದ್ದು.

ನಿಮ್ಮ ಪ್ರಶ್ನೆಗಳು ನಾಲ್ಕಾರು ಇದ್ದರೂ ಎಲ್ಲದರ ಬುಡದಲ್ಲಿ ಒಂದೇ ಅನುಮಾನವಿದೆ: ಹೊರಗೆ ಕಾಣದ ರೋಗಕ್ಕೆ ಕೈ ಕಡಿಯುತ್ತಿದ್ದಾರಲ್ಲ, ನಂಬುವುದು ಹೇಗೆ? ಕರೆಂಟಿನ ಗಾಯ ನೋಡುವ ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಇದು ಹೊಸ ಅನುಮಾನವಲ್ಲ. ಬೆಂಕಿ ತಗುಲಿದವನ ಮನೆಯವರು ಗಾಯ ನೋಡಿಯೇ ಹೆದರುತ್ತಾರೆ, ಅವರಿಗೆ ಯಾರೂ ಏನನ್ನೂ ವಿವರಿಸಬೇಕಾಗಿಲ್ಲ. ಕರೆಂಟು ಹೊಡೆದವನ ಮನೆಯವರು ಗಾಯ ನೋಡಿ ಸಮಾಧಾನಪಟ್ಟುಕೊಂಡಿರುತ್ತಾರೆ, ಆಮೇಲೆ ಡಾಕ್ಟರ ಮಾತು ಕೇಳಿ ಹೆದರುತ್ತಾರೆ. ಹೆದರಿಸಿದವನ ಮೇಲೆ ಸಿಟ್ಟು ಬರುವುದು ಸಹಜ.

ಮಣ್ಣಿನ ವಿಷಯ ಬೇಗ ಮುಗಿಸೋಣ. ಕರೆಂಟು ದೇಹದಲ್ಲಿ ಉಳಿಯುವುದಿಲ್ಲ. ತಂತಿಯ ಸಂಪರ್ಕ ತಪ್ಪಿದ ಕ್ಷಣಕ್ಕೆ ಅದು ಮುಗಿಯಿತು; ಇಳಿಸಲು ಒಳಗೆ ಏನೂ ಬಾಕಿ ಇರುವುದಿಲ್ಲ. ನಿಮ್ಮವರ ಅಂಗೈಯಲ್ಲಿ ಹೊಕ್ಕು ಹಿಮ್ಮಡಿಯಲ್ಲಿ ಹೊರಟು ಮಣ್ಣಿಗೆ ಇಳಿದದ್ದೇ ಆ ಕರೆಂಟು. ಹೂತಿದ್ದರೆ ಆಗುತ್ತಿದ್ದದ್ದು ಎರಡೇ: ಗಾಯಕ್ಕೆ ತೋಟದ ಮಣ್ಣು ಸೇರುವುದು ಮತ್ತು ಆಸ್ಪತ್ರೆಗೆ ಮುಟ್ಟುವುದು ತಡವಾಗುವುದು. ಉಸಿರು ನಿಂತವನನ್ನು ಹೂತರಂತೂ ಎದೆ ಒತ್ತಿ ಬದುಕಿಸಬಹುದಾದ ನಾಲ್ಕೈದು ನಿಮಿಷಗಳನ್ನೂ ಮಣ್ಣಿಗೆ ಹಾಕಿದಂತೆ. ಕರೆಂಟು ತಪ್ಪಿದ ಮೇಲೆ ಅವನನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬುದೂ ಸುಳ್ಳು. ಆ ಹೆದರಿಕೆಯಿಂದ ಸುತ್ತ ನಿಂತು ನೋಡಿದವರಿದ್ದಾರೆ. ಆದರೆ 11 ಕೆವಿ ಲೈನಿನ ಸಂಪರ್ಕ ಇನ್ನೂ ತಪ್ಪಿಲ್ಲದಿದ್ದರೆ ಮಾತು ಬೇರೆ. ಆಗ ಕೋಲು, ಚಪ್ಪಲಿ, ಗೋಣಿ ಯಾವುದನ್ನು ನಂಬಿಯೂ ಹತ್ತಿರ ಹೋಗಬಾರದು. 1912ಕ್ಕೆ ಅಥವಾ ವಿದ್ಯುತ್ ಮಂಡಳಿಯ ಸೆಕ್ಷನ್ ಆಫೀಸಿಗೆ ಹೇಳಿ ಲೈನ್ ಆಫ್ ಆಯಿತೆಂದು ಖಚಿತವಾದ ಮೇಲೆಯೇ ಹೋಗಬೇಕು, 108ಕ್ಕೆ ಕರೆ ಮಾಡಬೇಕು. ನೀವು ಹೂಳದೆ ನೇರವಾಗಿ ಕರೆತಂದಿರಿ. ಮಾವನವರಿಗೆ ಇದನ್ನು ಹೇಳುವಾಗ ಮೆತ್ತಗೆ ಹೇಳಿ. ಮಗನ ಕೈ ಹೋಗುತ್ತಿರುವಾಗ ಅವರೂ ಏನಾದರೂ ದಾರಿ ಹುಡುಕುತ್ತಿದ್ದಾರೆ.

ಈಗ ನಾಣ್ಯದಷ್ಟು ಗಾಯದ ಲೆಕ್ಕ. ಮನೆಯ ಕರೆಂಟು 230 ವೋಲ್ಟ್. ನಿಮ್ಮ ತೋಟದ ಅಂಚಿನ ಲೈನು 11,000 ವೋಲ್ಟ್, ಅಂದರೆ ಸುಮಾರು 48 ಪಟ್ಟು. ವೈದ್ಯರು 1,000 ವೋಲ್ಟಿಗಿಂತ ಮೇಲಿನದನ್ನು ಬೇರೆಯೇ ಜಾತಿಯ ಗಾಯವೆಂದು ಎಣಿಸುತ್ತಾರೆ. ಕೃಷಿ ಕೆಲಸ ಮಾಡಿದ ಅಂಗೈಯ ಒಣ, ದಪ್ಪ ಚರ್ಮ ಕರೆಂಟಿಗೆ ಚೆನ್ನಾಗಿಯೇ ಅಡ್ಡ ನಿಲ್ಲುತ್ತದೆ. ಆ ಒತ್ತಡಕ್ಕೆ ಅದು ಒಂದೇ ಕಡೆ ಸುಟ್ಟು ತೂತಾಗುತ್ತದೆ. ಒಳಗೆ ಹೊಕ್ಕ ಮೇಲೆ ನರ, ರಕ್ತನಾಳ, ಸ್ನಾಯುಗಳು ಕರೆಂಟನ್ನು ಸಲೀಸಾಗಿ ಹರಿಯಗೊಡುತ್ತವೆ. ಎಲುಬು ಹಾಗಲ್ಲ, ಅದು ತಡೆಯುತ್ತದೆ, ತಡೆದಷ್ಟೂ ಕಾಯುತ್ತದೆ, ಕಾದದ್ದು ಬೇಗ ಆರುವುದೂ ಇಲ್ಲ. ಹೀಗಾಗಿ ಎಲುಬಿಗೆ ಅಂಟಿಕೊಂಡ ಆಳದ ಸ್ನಾಯು ಬೆಂದಿರುತ್ತದೆ, ಅದರ ಮೇಲಿನ ಪದರ ಕೆಂಪಗೆ ಆರೋಗ್ಯವಾಗಿಯೇ ಕಾಣುತ್ತದೆ, ಅದಕ್ಕೂ ಮೇಲಿನ ಚರ್ಮದಲ್ಲಿ ಒಂದು ಗೀರೂ ಇರುವುದಿಲ್ಲ. ಕೆಂಪು ಮೂತಿ ಹುಳ ಹಿಡಿದ ತೆಂಗಿನ ಮರ ನೀವು ನೋಡಿರುತ್ತೀರಿ: ಕಾಂಡದಲ್ಲಿ ಬೆರಳು ತೂರುವಷ್ಟು ತೂತು, ಒಳಗೆ ತಿರುಳೇ ಇಲ್ಲ. ನಿಮ್ಮವರ ಮುಂಗೈ ಆಸ್ಪತ್ರೆಗೆ ಬಂದದ್ದು ಹಾಗೆ.

ಮಣಿಕಟ್ಟಿಗೆ ಪೆಟ್ಟು ಜಾಸ್ತಿ ಏಕೆಂದರೆ ಅಲ್ಲಿ ಕೈ ಸಪೂರವಾಗುತ್ತದೆ. ಇರುವುದೆಲ್ಲ ಎಲುಬು, ಸ್ನಾಯುರಜ್ಜು, ಮೇಲೆ ತೆಳು ಚರ್ಮ. ತೋಳಿನಲ್ಲಿ ಹರಡಿಕೊಂಡು ಹೋಗುವ ಅದೇ ಕರೆಂಟು ಇಲ್ಲಿ ಇಕ್ಕಟ್ಟಿನಲ್ಲಿ ನುಗ್ಗುತ್ತದೆ. ದೋಟಿ ಅಥವಾ ಅಲ್ಯೂಮಿನಿಯಂ ಏಣಿ ತಾಗಿ ಬಂದವರಲ್ಲಿ ನಾನು ಕಂಡ ಕೈಗಳ ಕಥೆ ಬಹುಮಟ್ಟಿಗೆ ಇದೇ: ಮಣಿಕಟ್ಟು ಅತಿ ಕೆಟ್ಟದಾಗಿರುತ್ತದೆ, ಮೇಲಕ್ಕೆ ಹೋದಂತೆ ಸ್ಥಿತಿ ಉತ್ತಮವಾಗುತ್ತ ಬರುತ್ತದೆ.

ಮೊದಲ ರಾತ್ರಿ ಸೀಳಿದ್ದೇಕೆ? ಮುಂಗೈಯ ಸ್ನಾಯುಗಳನ್ನು ಗಟ್ಟಿಯಾದ, ಹಿಗ್ಗದ ಒಂದು ಪೊರೆ ಸುತ್ತಿಕೊಂಡಿದೆ. ಬೆಂದ ಸ್ನಾಯು ಊದಿಕೊಳ್ಳುತ್ತದೆ, ಊದಲು ಜಾಗವಿಲ್ಲ. ಒತ್ತಡ ಏರಿ ಜೀವವಿರುವ ಸ್ನಾಯುವಿಗೂ ರಕ್ತ ಹರಿಯುವುದು ನಿಲ್ಲುತ್ತದೆ. ಕೈ ಕಲ್ಲಿನಂತೆ ಬಿಗಿದುಕೊಳ್ಳುವುದು, ಬೆರಳನ್ನು ನಾವು ಮೆಲ್ಲನೆ ಹಿಂದಕ್ಕೆ ಎಳೆದರೂ ರೋಗಿ ಚೀರುವುದು, ಬೆರಳ ತುದಿ ಜೋಮು ಹಿಡಿಯುವುದು ಇದರ ಲಕ್ಷಣಗಳು. ಆರೆಂಟು ಗಂಟೆ ಹೀಗೆಯೇ ಬಿಟ್ಟರೆ ಕರೆಂಟು ಕೊಲ್ಲದೆ ಬಿಟ್ಟದ್ದನ್ನು ಊತ ಕೊಲ್ಲುತ್ತದೆ. ಆ ಪೊರೆಯನ್ನು ಉದ್ದಕ್ಕೆ ಬಿಡಿಸಿ ಒತ್ತಡ ಇಳಿಸುವ ಆಪರೇಷನ್ನಿಗೆ ಫೇಶಿಯಾಟಮಿ ಎಂದು ಹೆಸರು. ನೋಡಲು ಭಯಂಕರ, ನಿಜ. ಆದರೆ ಇಂದು ನಿಮ್ಮವರಿಗೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಇವೆಯೆಂದರೆ ಅದರಲ್ಲಿ ಆ ರಾತ್ರಿಯ ಕೊಯ್ತಕ್ಕೂ ಪಾಲಿದೆ. ಬೆಳಗಾಗಲಿ ನೋಡೋಣ ಎಂದು ಮಲಗಿದ್ದರೆ ನಾನು ಆ ಡಾಕ್ಟರರ ಮೇಲೆ ಸಿಟ್ಟಾಗುತ್ತಿದ್ದೆ.

ಒಂದೇ ಸಲಕ್ಕೆ ಎಲ್ಲವನ್ನೂ ತೆಗೆಯದೆ ಮತ್ತೆ ಮತ್ತೆ ಏಕೆ ಕೊಯ್ದರು ಎಂಬುದು ನಿಮ್ಮ ಅನುಮಾನದ ತಿರುಳು. ಮೊದಲ ದಿನ ಸ್ನಾಯುವನ್ನು ನೋಡಿ ಇದು ಸತ್ತಿದೆ, ಇದು ಬದುಕಿದೆ ಎಂದು ಪೂರ್ತಿ ಹೇಳುವುದು ಯಾರಿಂದಲೂ ಆಗುವುದಿಲ್ಲ. ನಾವು ನೋಡುವುದು ಬಣ್ಣ ಕೆಂಪಿದೆಯೇ, ಕೊಯ್ದಲ್ಲಿ ರಕ್ತ ಜಿನುಗುತ್ತದೆಯೇ, ಚಿಮುಟಿದರೆ ಮಿಸುಕುತ್ತದೆಯೇ ಎಂದು. ಮಿಸುಕದ, ಬೂದು ಬಣ್ಣದ ಸ್ನಾಯುವನ್ನು ತೆಗೆಯುತ್ತೇವೆ. ಅನುಮಾನವಿದ್ದದ್ದನ್ನು ಬಿಟ್ಟು ಎರಡು ಮೂರು ದಿನಗಳಲ್ಲಿ ಮತ್ತೆ ತೆರೆದು ನೋಡುತ್ತೇವೆ. ಕರೆಂಟು ರಕ್ತನಾಳಗಳ ಒಳಗೋಡೆಯನ್ನೂ ಸುಟ್ಟಿರುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ನಿನ್ನೆ ಕೆಂಪಗಿದ್ದದ್ದು ನಾಳೆ ಕಪ್ಪಾಗುತ್ತದೆ. ಎಲ್ಲವನ್ನೂ ಮೊದಲ ದಿನವೇ ತೆಗೆಯುವ ಡಾಕ್ಟರಿಗೆ ಕೆಲಸ ಸುಲಭ, ಉಳಿಯಬಹುದಾಗಿದ್ದ ಬೆರಳೂ ಬಕೆಟ್ಟಿಗೆ ಬೀಳುತ್ತದೆ. ಏನನ್ನೂ ತೆಗೆಯದೆ ಡ್ರೆಸ್ಸಿಂಗ್ ಮಾಡುತ್ತಿದ್ದರೆ ಸತ್ತ ಮಾಂಸ ಕೊಳೆತು ನಂಜು ರಕ್ತಕ್ಕೇರುತ್ತದೆ, ಆಗ ಕೈಯ ಮಾತು ಬಿಟ್ಟು ಜೀವದ ಮಾತು ಬರುತ್ತದೆ. ನೀವು ಬರೆದ ಕ್ರಮ, ಅಂದರೆ ಮೊದಲ ರಾತ್ರಿ ಒತ್ತಡ ಇಳಿಸಿ ಆಮೇಲೆ ಎರಡು ಬಾರಿ ತೆರೆದು ನೋಡಿದ್ದು, ಹಣ ಎಳೆಯುವವರ ಕ್ರಮವಾಗಿ ನನಗೆ ಕಾಣುವುದಿಲ್ಲ.

ಹಾಗೆಂದು ಕಣ್ಣು ಮುಚ್ಚಿ ಸಹಿ ಹಾಕಿ ಎನ್ನುತ್ತಿಲ್ಲ. ಪ್ರತಿ ಆಪರೇಷನ್ನಿನಲ್ಲಿ ಕಂಡದ್ದನ್ನು ಬರೆದಿಟ್ಟಿರುತ್ತಾರೆ, ಫೋಟೋವನ್ನೂ ತೆಗೆದಿರುತ್ತಾರೆ. ಅವನ್ನು ತೋರಿಸಿ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು. ಆ ಕಾಗದ, ಚಿತ್ರಗಳನ್ನು ಇನ್ನೊಬ್ಬ ಪ್ಲಾಸ್ಟಿಕ್ ಸರ್ಜನ್ನರಿಗೆ ತೋರಿಸಿ ಅಭಿಪ್ರಾಯ ಪಡೆಯಬಹುದು. ರೋಗಿಯನ್ನು ಹೊತ್ತು ತಿರುಗಬೇಕಾಗಿಲ್ಲ, ಕಾಗದ ತಿರುಗಿದರೆ ಸಾಕು. ಬಿಲ್ಲನ್ನು ಬಾಬ್ತುವಾರು ಕೊಡಲು ಹೇಳಿ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಕಾರ್ಡು ಇದ್ದರೆ ಈ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ಇವತ್ತೇ ವಿಚಾರಿಸಿ. ಗಡಿ ದಾಟಿ ಬಂದವರು ಬಿಲ್ಲು ಕೈಗೆ ಬಂದ ಮೇಲೆ ಕಾರ್ಡು ತೆಗೆಯುವುದನ್ನು ಬಹಳ ಕಂಡಿದ್ದೇನೆ.

ಕಪ್ಪು ಮೂತ್ರದ ಬಗ್ಗೆ ನಿಮಗೆ ಒಳ್ಳೆಯ ಸುದ್ದಿಯೇ ಇದೆ. ಬೆಂದ ಸ್ನಾಯುವಿನಿಂದ ಮಯೋಗ್ಲೋಬಿನ್ ಎಂಬ ಕೆಂಪು ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡದ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಅದನ್ನು ತೊಳೆದು ಹಾಕಲು ಗಂಟೆಗೆ 75ರಿಂದ 100 ಮಿಲಿಲೀಟರ್ ಮೂತ್ರ ಬರುವಷ್ಟು ಡ್ರಿಪ್ ಓಡಿಸುತ್ತಾರೆ. ಎರಡು ದಿನಗಳಲ್ಲಿ ತಿಳಿಯಾಯಿತು, ಡಯಾಲಿಸಿಸ್ ಮಾಡಿಸಿದ್ದನ್ನು ನೀವು ಬರೆದಿಲ್ಲ. ಮೂತ್ರಪಿಂಡದ ಕೆಲಸವನ್ನು ತೋರಿಸುವ ರಕ್ತಪರೀಕ್ಷೆಯಾದ ಕ್ರಿಯಾಟಿನಿನ್ ಈಗ ಮಾಮೂಲು ಮಟ್ಟದಲ್ಲಿದ್ದರೆ ಆ ಗಂಡಾಂತರ ಕಳೆದಂತೆಯೇ. ಹೃದಯವೂ ಹಾಗೆ: ಮೊದಲ ದಿನದ ಇಸಿಜಿ ಸರಿಯಿದ್ದು, ಬಡಿತ ತಪ್ಪದೆ ಇದ್ದರೆ ವಾರಗಳ ನಂತರ ಹೊಸದಾಗಿ ತಪ್ಪುವುದು ಅಪರೂಪ. ಎಸೆದಂತೆ ಬಿದ್ದರು ಎಂದಿರಿ. ಬೆನ್ನು, ಕುತ್ತಿಗೆ, ಭುಜದ ಎಕ್ಸ್‌ರೇ ಆಗಿದೆಯೇ ಎಂದೊಮ್ಮೆ ಕೇಳಿಬಿಡಿ. ಕೈಯ ಗಲಾಟೆಯಲ್ಲಿ ಬೆನ್ನೆಲುಬಿನ ಬಿರುಕು ಕಣ್ಣು ತಪ್ಪಿಸಿಕೊಳ್ಳುವುದುಂಟು.

ಮುಂದಿನ ಆಯ್ಕೆಗೆ ಬರೋಣ. ಮಣಿಕಟ್ಟಿನಲ್ಲಿ ಎಲುಬು, ಸ್ನಾಯುರಜ್ಜು ತೆರೆದುಕೊಂಡಿದ್ದರೆ ತೊಡೆಯಿಂದ ತೆಳು ಚರ್ಮ ತೆಗೆದು ಅಂಟಿಸುವ ಸಾಮಾನ್ಯ ಕಸಿ ಅಲ್ಲಿ ಹಿಡಿಯುವುದಿಲ್ಲ. ಅದಕ್ಕೇ ತೊಡೆಸಂದಿಯ ಫ್ಲ್ಯಾಪ್ ಮಾತು. ಅಲ್ಲಿನ ಚರ್ಮವನ್ನು ಕೊಬ್ಬಿನ ಸಮೇತ ಎಬ್ಬಿಸಿ, ಒಂದು ತುದಿಯನ್ನು ಅಲ್ಲೇ ಬಿಟ್ಟು ಇನ್ನೊಂದು ತುದಿಯನ್ನು ಮಣಿಕಟ್ಟಿಗೆ ಹೊಲಿಯುತ್ತಾರೆ. ಕೈ ಸುಮಾರು ಮೂರು ವಾರ ತೊಡೆಸಂದಿಗೆ ಅಂಟಿಕೊಂಡೇ ಇರಬೇಕು; ಮಣಿಕಟ್ಟಿನಿಂದ ಹೊಸ ರಕ್ತನಾಳ ಬೆಳೆದ ಮೇಲೆ ಬೇರ್ಪಡಿಸುತ್ತಾರೆ. ಈ ಮೂರು ವಾರ ಕಷ್ಟದ್ದು. ಭುಜ ಹಿಡಿದುಕೊಳ್ಳುತ್ತದೆ, ಊಟ, ಸ್ನಾನ, ಶೌಚ ಎಲ್ಲಕ್ಕೂ ನೀವೇ ಕೈಯಾಗಬೇಕು. ಫ್ಲ್ಯಾಪ್ ತುದಿ ಕಪ್ಪಾಗುವ, ಕೀವಾಗುವ ಅಪಾಯವಿದೆ. ಎಲೆಯಡಿಕೆಗೆ ಹೊಗೆಸೊಪ್ಪು ಹಾಕುವ ಅಥವಾ ಬೀಡಿ ಸೇದುವ ಅಭ್ಯಾಸವಿದ್ದರೆ ಪೂರ್ತಿ ನಿಲ್ಲಿಸಲೇಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಮಾಡಿ ಫ್ಲ್ಯಾಪನ್ನು ಸಾಯಿಸುತ್ತದೆ. ನೋಡಲು ಬಂದ ನೆಂಟರು ಚೀಲದಲ್ಲಿ ತರುವುದರ ಮೇಲೂ ಕಣ್ಣಿರಲಿ.

ಇದು ಮುಚ್ಚಿಗೆ ಮಾತ್ರ. ಸುಟ್ಟ ನರಕ್ಕೆ ಬೇರೆಡೆಯ ನರದ ತುಂಡು ಸೇರಿಸುವುದು, ಹೋದ ಸ್ನಾಯುರಜ್ಜಿನ ಕೆಲಸವನ್ನು ಇನ್ನೊಂದಕ್ಕೆ ವಹಿಸುವುದು, ಇವೆಲ್ಲ ತಿಂಗಳುಗಳ ನಂತರದ ಆಪರೇಷನ್‌ಗಳು. ಹೆಬ್ಬೆರಳೂ ಅದರ ಎದುರಿಗೆ ಎರಡು ಬೆರಳೂ ಇರುವ ಕೈಯಲ್ಲಿ ಚಮಚ ಹಿಡಿಯಬಹುದು, ಗುಂಡಿ ಹಾಕಬಹುದು, ಬರೆಯಬಹುದು. ಆ ಬೆರಳುಗಳಿಗೆ ರಕ್ತ ಹರಿಯುತ್ತಿದ್ದರೆ, ಮುಂಗೈಯಲ್ಲಿ ಒಂದಷ್ಟಾದರೂ ಸ್ನಾಯು ಬದುಕಿದ್ದರೆ ನಾನಾದರೆ ಉಳಿಸುವ ಪ್ರಯತ್ನಕ್ಕೇ ಒತ್ತು ಕೊಡುತ್ತೇನೆ.

ರಕ್ತವೇ ಹರಿಯದ ಕೈ, ಅಥವಾ ಮುಂಗೈಯ ಸ್ನಾಯುವೆಲ್ಲ ಸತ್ತು ಜ್ವರ, ನಂಜು ಏರುತ್ತಿರುವ ಕೈ ಆದರೆ ತೆಗೆಯುವುದೇ ಸರಿ. ಆಗ ಎಳೆದಾಡಬಾರದು. ಮೊಣಕೈ ಉಳಿಸಿ ತೆಗೆಯುವುದಕ್ಕೂ ಮೊಣಕೈ ಮೇಲೆ ತೆಗೆಯುವುದಕ್ಕೂ ಬದುಕಿನಲ್ಲಿ ಅಜಗಜಾಂತರವಿದೆ. ಮೊಣಕೈ ಮಡಚಲು ಬಂದರೆ ಕೃತಕ ಕೈ ಕೆಲಸಕ್ಕೆ ಬರುತ್ತದೆ, ಒಂದು ಚೀಲವನ್ನಾದರೂ ತೂಗುಹಾಕಿಕೊಳ್ಳಬಹುದು. ತಡಮಾಡಿದರೆ ಕಳೆದುಕೊಳ್ಳುವುದು ಆ ಮೊಣಕೈಯನ್ನು. ತೆಗೆದ ಮೇಲೂ ಇಲ್ಲದ ಬೆರಳು ಉರಿಯುವುದು, ಸೆಳೆಯುವುದು ಉಂಟು. ಅದು ಮನಸ್ಸಿನ ಭ್ರಮೆಯಲ್ಲ, ಔಷಧ ಇದೆ, ಮುಚ್ಚಿಡದೆ ಹೇಳಬೇಕು.

ನಾಳೆ ರೌಂಡ್ಸಿಗೆ ಬಂದ ಡಾಕ್ಟರರನ್ನು ಮೂರು ಮಾತು ಕೇಳಿ: ಡಾಪ್ಲರಿನಲ್ಲಿ (ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಯಂತ್ರ) ಬೆರಳ ತುದಿಗೆ ರಕ್ತ ಹರಿಯುವುದು ಕೇಳಿಸುತ್ತಿದೆಯೇ, ಬದುಕಿರುವ ಸ್ನಾಯು ಯಾವುದು, ಹೆಬ್ಬೆರಳಿಗೆ ಸ್ಪರ್ಶ ಇದೆಯೇ. ನಿಮ್ಮ ನಿರ್ಧಾರ ಈ ಉತ್ತರಗಳ ಮೇಲೆ ನಿಲ್ಲಬೇಕು. ಕೈಯನ್ನು ಕಣ್ಣಾರೆ ನೋಡದ ನನ್ನ ಒಲವು ಅವರ ಉತ್ತರಕ್ಕಿಂತ ದೊಡ್ಡದಲ್ಲ.

ಈಗ ನಾಟಿ ವೈದ್ಯರ ವಿಷಯ. ಅವರನ್ನು ಹೀಯಾಳಿಸಿ ನನಗೇನೂ ಆಗಬೇಕಾಗಿಲ್ಲ. ಉಳುಕಿಗೆ, ಮೈಕೈ ನೋವಿಗೆ ನಮ್ಮ ಮನೆಯವರೂ ಎಣ್ಣೆ ತಂದವರೇ. ಆದರೆ ಕರೆಂಟು ಹೋದ ದಾರಿಯಲ್ಲಿರುವ ರಕ್ತನಾಳದ ಗೋಡೆ ಒಳಗಿಂದ ಕೆಟ್ಟಿರುತ್ತದೆ. ಅದು ಮೊದಲ ಒಂದು ತಿಂಗಳಿನಲ್ಲಿ, ಅದರಲ್ಲೂ ಎರಡನೆಯ ಮೂರನೆಯ ವಾರದಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ ಒಡೆಯಬಹುದು. ಮಣಿಕಟ್ಟಿನ ದೊಡ್ಡ ನಾಳ ಒಡೆದರೆ ಕೆಲವೇ ನಿಮಿಷಗಳಲ್ಲಿ ಡ್ರೆಸ್ಸಿಂಗ್ ತೊಯ್ದು ಹಾಸಿಗೆಗೆ ಇಳಿಯುತ್ತದೆ. ನಿಮ್ಮವರು ಈಗ ಸರಿಯಾಗಿ ಆ ಅವಧಿಯಲ್ಲಿದ್ದಾರೆ. ಅಂಥ ಕೈಯನ್ನು ಎಣ್ಣೆ ಹಾಕಿ ತಿಕ್ಕುವುದು, ಸೊಪ್ಪು ಅರೆದು ಬಿಗಿದು ಕಟ್ಟುವುದು, ಆ ಸ್ಥಿತಿಯಲ್ಲಿ ಬದಿಯಡ್ಕದ ಒಳದಾರಿಯ ಮನೆಯಲ್ಲಿ ರಾತ್ರಿ ಕಳೆಯುವುದು, ಯೋಚಿಸಿ. ವಾರ್ಡಿನಲ್ಲಿದ್ದಾಗಲೇ ಹೀಗಾದರೂ ಗಾಬರಿಯಾಗಿ ಡ್ರೆಸ್ಸಿಂಗ್ ಬಿಚ್ಚಬೇಡಿ. ದಪ್ಪ ಬಟ್ಟೆಯನ್ನು ಗಾಯದ ಮೇಲಿಟ್ಟು ಎರಡೂ ಅಂಗೈಯಿಂದ ಬಲವಾಗಿ ಒತ್ತಿ, ಕೈಯನ್ನು ಎತ್ತಿ ಹಿಡಿದು ಕೂಗಿ. ಒತ್ತಿದ್ದನ್ನು ನೋಡೋಣ ಎಂದು ನಡುವೆ ತೆಗೆಯಬೇಡಿ.

ಎಣ್ಣೆಗೆ ಅದರದೇ ಕಾಲವಿದೆ. ಗಾಯವೆಲ್ಲ ಮಾಗಿ ಹೊಸ ಚರ್ಮ ಗಟ್ಟಿಯಾದ ಮೇಲೆ ಅದು ಒಣಗುತ್ತದೆ, ವಿಪರೀತ ತುರಿಸುತ್ತದೆ. ಆಗ ದಿನಕ್ಕೆ ಎರಡು ಮೂರು ಸಲ ಶುದ್ಧ ತೆಂಗಿನೆಣ್ಣೆ ಹಚ್ಚಿ ಮೆಲ್ಲನೆ ನೀವುವುದನ್ನು ನಾವೇ ಹೇಳಿಕೊಡುತ್ತೇವೆ. ಮಾವನವರಿಗೆ ಆ ಕೆಲಸ ವಹಿಸಬಹುದು.

ಪಥ್ಯದ ಬಗ್ಗೆ ನೀವು ಕೇಳಿಲ್ಲ, ಆದರೂ ನಮ್ಮ ಕಡೆಯವರಾದ್ದರಿಂದ ಹೇಳುತ್ತೇನೆ. ನಂಜಾಗುತ್ತದೆ ಎಂದು ಮೀನು, ಮೊಟ್ಟೆ ನಿಲ್ಲಿಸಿ ಗಂಜಿ ಉಪ್ಪಿನಕಾಯಿಯಲ್ಲಿ ಇಟ್ಟಿರಬೇಡಿ. ಇಷ್ಟು ಸ್ನಾಯು ಕಳೆದುಕೊಂಡ ದೇಹ ಗಾಯ ಮಾಗಿಸಲು ಪ್ರೋಟೀನನ್ನೇ ಕೇಳುತ್ತದೆ. ತಿನ್ನುವವರಾದರೆ ಮೀನು, ಮೊಟ್ಟೆ ದಿನಾಲೂ ಕೊಡಿ. ಇಲ್ಲವಾದರೆ ಹೆಸರುಕಾಳು, ಕಡಲೆ, ಮೊಸರು ಹೆಚ್ಚಿಸಿ. ಮೂತ್ರಪಿಂಡದ ವರದಿ ಸರಿಯಿಲ್ಲದಿದ್ದರೆ ಮಾತ್ರ ಡಾಕ್ಟರರ ಅಳತೆ.

ಕಣ್ಣಿನಲ್ಲಿ ಪೊರೆ ಬರುವುದು ನಿಜ, ತಿಂಗಳುಗಳ ಬಳಿಕ, ಕೆಲವೊಮ್ಮೆ ವರ್ಷ ಎರಡು ವರ್ಷ ಕಳೆದು. ತಲೆ, ಕುತ್ತಿಗೆಗೆ ತಾಗಿದವರಲ್ಲಿ ಇದು ಹೆಚ್ಚು, ನಿಮ್ಮವರಿಗೆ ಕೈಯಿಂದ ಕಾಲಿಗೆ ಹೋಗಿದೆ. ಈಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ತೋರಿಸಿ. ಬಂದರೂ ಅದು ಸಾಮಾನ್ಯ ಆಪರೇಷನ್ನಿನಿಂದ ಸರಿಹೋಗುವಂಥದ್ದು. ಕಾಲುಗಳಲ್ಲಿ ಬಲ ಕುಂದುವುದು, ನಡೆ ತಪ್ಪುವುದು ಕಂಡರೆ ತಡಮಾಡದೆ ತಿಳಿಸಿ. ನಿದ್ದೆಯಲ್ಲಿ ಬೆಚ್ಚುವುದು, ಸ್ವಿಚ್ಚಿನ ಹತ್ತಿರ ಹೋಗಲು ಹೆದರುವುದು, ಸಣ್ಣದಕ್ಕೂ ರೇಗುವುದು ಈ ರೋಗಿಗಳಲ್ಲಿ ಬಹಳ ಸಾಮಾನ್ಯ. ಗಂಡಸರು ಹೇಳಿಕೊಳ್ಳುವುದಿಲ್ಲ, ನೀವೇ ಡಾಕ್ಟರರ ಕಿವಿಗೆ ಹಾಕಿ.

ದೋಟಿ ಹಿಡಿಯಬಲ್ಲರೇ ಎಂದಿರಿ. ಈ ಕೈಯಲ್ಲಿ ಉದ್ದದ ದೋಟಿ ನಿಲ್ಲಿಸಿ ಕೊಯ್ಯುವುದು, ಮದ್ದು ಬಿಡುವುದು ಆಗದು. ತೋಟದ ಮೇಲ್ವಿಚಾರಣೆ, ಸ್ಪ್ರಿಂಕ್ಲರ್ ನೋಡಿಕೊಳ್ಳುವುದು, ಅಂಗಳದಲ್ಲಿ ಅಡಿಕೆ ಹೆಕ್ಕುವುದು ಆಗುತ್ತದೆ. ಇನ್ನು ಮುಂದೆ ಅಡಿಕೆ ಗೊನೆ ತೆಗೆಯಲು ಬರುವವರ ಬಗ್ಗೆ ಒಂದು ಎಚ್ಚರಿಕೆ ಇದೆ. ಫೈಬರ್ ಅಂದರೆ ಪ್ಲಾಸ್ಟಿಕ್ಕಿನ ಹಾಗೆ, ಕರೆಂಟು ಹಿಡಿಯುವುದಿಲ್ಲ ಎಂದು ಊರೆಲ್ಲ ನಂಬಿದೆ. ಈಗ ಬಳಕೆಯಲ್ಲಿರುವ ಹಗುರದ ದೋಟಿಗಳು ಹೆಚ್ಚಾಗಿ ಕಾರ್ಬನ್ ಫೈಬರಿನವು, ಮತ್ತು ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ಗ್ಲಾಸ್ ಫೈಬರ್ ವಾಹಕವಲ್ಲದಿದ್ದರೂ ಮಳೆನೀರು, ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣ ಇಳಿದ ಕೋಲಿನ ಮೇಲ್ಮೈಯಲ್ಲಿ ಕರೆಂಟು ಹರಿಯಬಹುದು. ಲೈನಿನ ಹತ್ತಿರದ ಸಾಲುಗಳಲ್ಲಿ ಕೊಯ್ಯುವ ದಿನ ಸೆಕ್ಷನ್ ಆಫೀಸಿಗೆ ಮೊದಲೇ ತಿಳಿಸಿ ಲೈನ್ ಆಫ್ ಮಾಡಿಸಿಯೇ ಕೆಲಸಕ್ಕೆ ಇಳಿಸಿ.

ಕಾಗದಪತ್ರದ ಕೆಲಸ ಬಾಕಿ ಇದ್ದರೆ ಆಸ್ಪತ್ರೆಯಿಂದ ಬರುವವರೆಗೆ ಕಾಯಬೇಡಿ. ಪೊಲೀಸ್ ಠಾಣೆಗೂ ಸೆಕ್ಷನ್ ಆಫೀಸಿಗೂ ಲಿಖಿತ ದೂರು ಕೊಟ್ಟು ರಶೀದಿ ಪಡೆಯಿರಿ. ವಿದ್ಯುತ್ ಕಾಯ್ದೆ 2003ರ 161ನೇ ಸೆಕ್ಷನ್ ಪ್ರಕಾರ ಇಂಥ ಅಪಘಾತವನ್ನು ವಿದ್ಯುತ್ ಇನ್‌ಸ್ಪೆಕ್ಟರಿಗೆ ತಿಳಿಸಬೇಕು, ವಿಚಾರಣೆಗೂ ಅದರಲ್ಲಿ ಅವಕಾಶವಿದೆ. ಪರಿಹಾರದ ಅರ್ಜಿಗೆ ಆ ವರದಿ ಆಧಾರವಾಗುತ್ತದೆ. ಕಾಸರಗೋಡಿನವರಾದ ನೀವು ಅರ್ಜಿಯನ್ನು ಕನ್ನಡದಲ್ಲೇ ಬರೆದು ಕೊಡಬಹುದು, ಮಲಯಾಳದಲ್ಲಿ ಬರೆಸಲು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ತಂತಿ ಎಷ್ಟು ಎತ್ತರದಲ್ಲಿತ್ತು, ಜೋತುಬಿದ್ದಿತ್ತೇ ಎಂಬುದು ತಿಳಿಯುವಂತೆ ಅದೇ ಜಾಗದ ಫೋಟೋ ತೆಗೆಸಿಡಿ, ಲೈನಿನ ಹತ್ತಿರ ಹೋಗದೆ ದೂರದಿಂದ. ತುದಿ ಸುಟ್ಟ ಆ ದೋಟಿಯನ್ನು ರಿಪೇರಿಗೆ ಕೊಡಬೇಡಿ, ಗುಜರಿಗೂ ಹಾಕಬೇಡಿ. ಇನ್‌ಸ್ಪೆಕ್ಟರು ನೋಡಿ ಬರೆದುಕೊಳ್ಳುವವರೆಗೆ ಇದ್ದ ಹಾಗೆಯೇ ಇರಲಿ.